ಸಿಸ್ಟೈನ್ ಚಾಪೆಲ್‌ನ ಮಿಸೆರೇರೆ: ಕೇಳಿದವರು ಮೆಚ್ಚಿದ್ದು ಕೃತಿಯನ್ನೋ, ಹಾಡಿದ ರೀತಿಯನ್ನೋ?

ಶ್ರುತಿಪೆಟ್ಟಿಗೆ (ಮೈಸೂರು)

ಈಸ್ಟರ್‌ಗೆ ಮುಂಚಿನ ಪವಿತ್ರ ವಾರ ಹತ್ತಿರ ಬಂತೆಂದರೆ ಹದಿನೇಳನೇ ಶತಮಾನದ ರೋಮ್‌ನ ಸಂಗೀತ ರಚನಕಾರ ಗ್ರೆಗೋರಿಯೊ ಅಲ್ಲೆಗ್ರಿಯ ಮಿಸೆರೇರೆ ಎಂಬ ಲ್ಯಾಟಿನ್ ಕೀರ್ತನೆ ನಮ್ಮ ಬಳಗದಲ್ಲಿ ಓಡಾಡತೊಡಗುತ್ತದೆ. ಈ ಸಲ ಕೆಲವರು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು ಕ್ವಾಯರ್ (ಗಾಯಕವೃಂದ) 1963ರಲ್ಲಿ ಹಾಡಿದ್ದನ್ನೂ, ರೋಮ್‌ನಲ್ಲಿ ಪೋಪ್‌ರ ಪ್ರಾರ್ಥನಾಮಂದಿರವಾದ ಸಿಸ್ಟೈನ್ ಚಾಪೆಲ್‌ನ ಕ್ವಾಯರ್ 2015ರಲ್ಲಿ ಡಾಯ್ಚ ಗ್ರಾಮೊಫೋನ್ ಕಂಪನಿಗಾಗಿ ಹಾಡಿದ್ದನ್ನೂ ಒಂದರ ಹಿಂದೆ ಒಂದು ಕೇಳಿ ತೀರ್ಪು ಕೊಟ್ಟೇಬಿಟ್ಟರು: ಕೇಂಬ್ರಿಜ್‌ನದು ಸ್ವರ್ಗ, ರೋಮ್‌ನದು ಸಪ್ಪೆ. ಕಾರಣ ಕೇಳಿದರೆ ಎಲ್ಲರದೂ ಒಂದೇ ಉತ್ತರ. ಕಿಂಗ್ಸ್‌ನಲ್ಲಿ ಹನ್ನೆರಡು ವರ್ಷದ ಹುಡುಗ ರಾಯ್ ಗುಡ್‌ಮನ್ ಏರಿ ಮುಟ್ಟುವ ಆ ಮೇಲಿನ ‘ಸಿ’ ಸ್ವರ ರೋಮ್‌ನವರ ಹಾಡಿನಲ್ಲಿ ಇಲ್ಲ.

ಈ ತೀರ್ಪನ್ನು ನಾನು ಒಪ್ಪಲಾರೆ. ಅಲ್ಲೆಗ್ರಿ 1629ರಲ್ಲಿ ಪೋಪ್‌ರ ಕ್ವಾಯರ್ ಸೇರಿದವನು, 1652ರಲ್ಲಿ ತೀರಿಕೊಂಡವನು. ಅವನು ಬರೆದದ್ದರಲ್ಲಿ ಆ ‘ಸಿ’ ಇರಲಿಲ್ಲ. 1831ರಲ್ಲಿ ಜರ್ಮನ್ ಸಂಗೀತ ರಚನಕಾರ ಮೆಂಡೆಲ್‌ಸನ್ ರೋಮ್‌ನಲ್ಲಿ ಈ ಹಾಡನ್ನು ಮಾಮೂಲಿಗಿಂತ ಎತ್ತರದ ಶ್ರುತಿಯಲ್ಲಿ ಕೇಳಿ ಒಂದು ತುಣುಕನ್ನು ಬರೆದಿಟ್ಟುಕೊಂಡ. 1880ರ ಹೊತ್ತಿಗೆ ಇಂಗ್ಲೆಂಡಿನ ಗ್ರೋವ್ ಸಂಗೀತ ನಿಘಂಟಿನ ಲೇಖನವೊಂದರಲ್ಲಿ ಅಂಥ ಎತ್ತರದ ತುಣುಕು ಮೂಲ ಶ್ರುತಿಯ ಭಾಗಕ್ಕೆ ಹಾಗೆಯೇ ಅಂಟಿಕೊಂಡು ಅಚ್ಚಾಯಿತು. 1951ರಲ್ಲಿ ಐವರ್ ಅಟ್ಕಿನ್ಸ್ ಇಂಗ್ಲಿಷ್ ಮಾತುಗಳನ್ನು ಕೂಡಿಸಿ ಅದನ್ನೇ ಸಂಪಾದಿಸಿದರು. ಡೇವಿಡ್ ವಿಲ್ಕಾಕ್ಸ್ ಕಿಂಗ್ಸ್‌ನಲ್ಲಿ ಹಾಡಿಸಿದ್ದು ಆ ಪಾಠವನ್ನು. ಗಮನಿಸಿ ಕೇಳಿದರೆ ಪ್ರತಿ ಸಲವೂ ಆ ಜಾಗದಲ್ಲಿ ಹಾಡಿನ ನೆಲವೇ ಥಟ್ಟನೆ ಸರಿದಂತಾಗುವುದು ಕಿವಿಗೆ ಗೊತ್ತಾಗುತ್ತದೆ. ಎರಡು ಶ್ರುತಿಗಳ ಹೊಲಿಗೆ ಅದು.

ಆದರೆ ನಾನು ಈ ಎಳೆ ಶುರುಮಾಡಿದ್ದು ಆ ‘ಸಿ’ಗಾಗಿ ಅಲ್ಲ. ಸುಮಾರು ಎರಡು ಶತಮಾನ ಕಾಲ ಯುರೋಪಿನ ದೊಡ್ಡ ದೊಡ್ಡ ಕಿವಿಗಳು ಸಿಸ್ಟೈನ್ ಚಾಪೆಲ್‌ಗೆ ಹೋಗಿ ಈ ಹಾಡನ್ನು ಕೇಳಿ ಬರೆದಿವೆ. ಅವರು ಬರೆದದ್ದನ್ನು ಸಾಲಾಗಿ ಓದಿದರೆ ಒಂದು ಮಾತು ಎದ್ದು ಕಾಣುತ್ತದೆ. ಅವರು ಕೃತಿಯನ್ನು ಹೊಗಳಿದ್ದಕ್ಕಿಂತ ಹೆಚ್ಚಾಗಿ ಅದನ್ನು ಹಾಡಿದ ಬಗೆಯನ್ನು ಹೊಗಳಿದ್ದಾರೆ.

ಮೊದಲ ಸಾಕ್ಷಿ ಲಿಯೊಪೋಲ್ಡ್ ಮೊಜಾರ್ಟ್, ಪ್ರಸಿದ್ಧ ರಚನಕಾರ ಮೊಜಾರ್ಟ್‌ನ ಅಪ್ಪ. 1770ರ ಏಪ್ರಿಲ್‌ನಲ್ಲಿ ಹದಿನಾಲ್ಕರ ಮಗನನ್ನು ಕರೆದುಕೊಂಡು ಪವಿತ್ರ ವಾರದ ಬುಧವಾರ ರೋಮ್ ತಲುಪಿದ. ಹುಡುಗ ಹಾಡನ್ನು ಕೇಳಿ ನೆನಪಿನಿಂದ ಬರೆದಿಟ್ಟ ಎನ್ನುವ ಕಥೆ ಎಲ್ಲರಿಗೂ ಗೊತ್ತು. ಅದೇ ತಿಂಗಳ 14ರಂದು ಅಪ್ಪ ಹೆಂಡತಿಗೆ ಬರೆದ ಕಾಗದದಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಹೇಳುವುದಿಲ್ಲ. ಬರೆದದ್ದನ್ನು ಮನೆಗೆ ಕಳಿಸಬಹುದಿತ್ತು, ಆದರೆ ಈ ಹಾಡಿನ ಪರಿಣಾಮಕ್ಕೆ ಕೃತಿಗಿಂತ ಹಾಡುವ ರೀತಿಯೇ ಹೆಚ್ಚು ಕಾರಣ, ಅದಕ್ಕೆ ನಾವೇ ಅಲ್ಲಿ ಇರಬೇಕಾಗುತ್ತದೆ ಎನ್ನುತ್ತಾನೆ. ಸ್ವತಃ ಸಂಗೀತದ ಮೇಷ್ಟ್ರಾಗಿದ್ದವನು, ಹಾಡನ್ನು ಆಗಷ್ಟೇ ಕೇಳಿ ಬಂದು ಬರೆದ ಮಾತು. ಇದಕ್ಕಿಂತ ನೇರವಾದ ವಿಮರ್ಶೆ ಯಾವುದಿದೆ?

ನಿಮ್ಮೆಲ್ಲರ ಅಭಿಪ್ರಾಯ ಬೇಕು. ವಿಶೇಷವಾಗಿ ಇಗರ್ಜಿಗಳಲ್ಲಿ ಹಾಡುವವರದು.

ಕುಡ್ಲದ ಟೆನರ್

ನಮಸ್ಕಾರ ಸರ್. ನಾನು ಇಗರ್ಜಿಯ ಕ್ವಾಯರ್‌ನಲ್ಲಿ ಹಾಡುವವನು, ಹಾಗಾಗಿ ನನ್ನ ನೋಟ ಸ್ವಲ್ಪ ಬೇರೆ.

ಇದು ಕಛೇರಿಗೆಂದು ಬರೆದ ಹಾಡಲ್ಲ ಎನ್ನುವುದನ್ನು ಮೊದಲು ನೆನಪಿಟ್ಟುಕೊಳ್ಳಬೇಕು. ಪವಿತ್ರ ವಾರದ ಬುಧವಾರ, ಗುರುವಾರ, ಶುಕ್ರವಾರ ಸಂಜೆ ನಡೆಯುತ್ತಿದ್ದ ತೆನೆಬ್ರೆ ಎಂಬ ಪ್ರಾರ್ಥನೆಯ ಕೊನೆಯಲ್ಲಿ ಬರುವ ಕೀರ್ತನೆ ಇದು. ನಮ್ಮ ಬೈಬಲ್‌ನಲ್ಲಿ 51ನೆಯದು, ಹಳೆಯ ಲ್ಯಾಟಿನ್ ಎಣಿಕೆಯಲ್ಲಿ 50. ದಾವೀದನ ಪಶ್ಚಾತ್ತಾಪದ ಮಾತುಗಳು. ತ್ರಿಕೋನಾಕಾರದ ದೀಪಸ್ತಂಭದಲ್ಲಿ ಹದಿನೈದು ಮೇಣದಬತ್ತಿ ಹಚ್ಚಿರುತ್ತಾರೆ. ಒಂದೊಂದು ಕೀರ್ತನೆ ಮುಗಿದಂತೆ ಒಂದೊಂದನ್ನು ಆರಿಸುತ್ತ ಬರುತ್ತಾರೆ. ಕೊನೆಯದನ್ನು ಮಾತ್ರ ಆರಿಸದೆ ಪೀಠದ ಹಿಂದೆ ಮರೆಮಾಡುತ್ತಾರೆ. ಅಷ್ಟು ಹೊತ್ತಿಗೆ ಗಂಟೆಗಟ್ಟಲೆ ಒಂದೇ ಧಾಟಿಯ ಪಠಣ ನಡೆದಿರುತ್ತದೆ, ಹೊರಗೆ ಬೆಳಕು ಇಳಿದಿರುತ್ತದೆ, ಪೋಪ್ ಮೊಣಕಾಲೂರಿರುತ್ತಾರೆ. ಆಗ, ಯಾವ ವಾದ್ಯದ ಆಸರೆಯೂ ಇಲ್ಲದೆ, ಮಿಸೆರೇರೆ ಶುರುವಾಗುತ್ತದೆ.

ಕಟ್ಟಡವೂ ಹಾಗೆಯೇ ಸರಳ. ಒಂದು ಗುಂಪು ಐದು ದನಿಯದು, ಇನ್ನೊಂದು ನಾಲ್ಕು ದನಿಯದು. ಒಂದು ವಚನ ಇವರದು, ಮುಂದಿನದು ಏಕದನಿಯ ಪಠಣ, ಆಮೇಲೆ ಅವರದು, ಮತ್ತೆ ಪಠಣ. ಕೊನೆಗೆ ಮಾತ್ರ ಒಂಬತ್ತು ದನಿಯೂ ಸೇರುತ್ತವೆ. ಅದೇ ಸ್ವರಗಳು ಮತ್ತೆ ಮತ್ತೆ ಬರುತ್ತವೆ. ಕಾಗದದ ಮೇಲೆ ನೋಡಿದರೆ ಕಲಿಯುವ ಹುಡುಗರೂ ಓದಿಬಿಡಬಹುದು. ನಮ್ಮಲ್ಲಿ ಕ್ವಾಯರ್ ಮಾಸ್ಟರ್ ಒಮ್ಮೆ ನಾಲ್ಕು ದನಿಯ ಭಾಗವನ್ನು ಕಲಿಸಿದ್ದರು. ಸ್ವರ ಕೂಡಿಸುವುದು ಕಷ್ಟವಾಗಲಿಲ್ಲ. ಒಂದೇ ಸ್ವರದ ಮೇಲೆ ಅಷ್ಟೊಂದು ಮಾತುಗಳನ್ನು ಎಲ್ಲರೂ ಒಟ್ಟಿಗೆ ಉಸಿರೆಳೆದು, ಒಟ್ಟಿಗೆ ಬಿಟ್ಟು, ಅರ್ಥ ಕೆಡದಂತೆ ಹೇಳುವುದಿದೆಯಲ್ಲ, ಅದೇ ತಿಂಗಳುಗಟ್ಟಲೆ ಹಿಡಿಯಿತು. ಹಾಗಾಗಿ ಲಿಯೊಪೋಲ್ಡ್‌ನ ಮಾತಿಗೆ ನನ್ನ ಪೂರ್ತಿ ಸಹಮತ.

ಇಂದು ಯಾರಾದರೂ ಆ ಸಂದರ್ಭದಲ್ಲೇ ಕೇಳಬೇಕೆಂದರೆ ಬಹಳ ಕಡೆ ಸಾಧ್ಯವಿಲ್ಲ. 1955ರಲ್ಲಿ ಹನ್ನೆರಡನೇ ಪಿಯುಸ್ ಪವಿತ್ರ ವಾರದ ವೇಳೆಗಳನ್ನು ಬದಲಿಸಿದ ಮೇಲೆ ಸಂಜೆಯ ತೆನೆಬ್ರೆ ಹೆಚ್ಚಿನೆಡೆ ನಿಂತೇಹೋಯಿತು. 1963ರ ವ್ಯಾಟಿಕನ್ ಮಹಾಸಭೆಯ ಆರಾಧನಾ ಸಂವಿಧಾನ ಆಡುಭಾಷೆಗಳಿಗೆ ಬಾಗಿಲು ತೆರೆಯಿತು. ನಮ್ಮ ಜಿಲ್ಲೆಯಲ್ಲಿ ಪೂಜೆ ಕೊಂಕಣಿಗೂ ಕನ್ನಡಕ್ಕೂ ಬಂತು. ಅದರಿಂದ ನಮಗೆ ಸಿಕ್ಕಿದ್ದು ಬಹಳ. ಲ್ಯಾಟಿನ್ ಹಾಡುಗಳ ಜೊತೆ ಹೋದದ್ದೂ ಇದೆ.

ಥೇಮ್ಸ್ ದಡದಿಂದ

ಶ್ರುತಿಪೆಟ್ಟಿಗೆಯವರು ಒಂದು ಸಾಕ್ಷಿ ಕೊಟ್ಟರು. ಅದಕ್ಕಿಂತ ಬಲವಾದ ಇನ್ನೊಂದಿದೆ. ಇಂಗ್ಲಿಷ್ ಸಂಗೀತ ಇತಿಹಾಸಕಾರ ಚಾರ್ಲ್ಸ್ ಬರ್ನಿ ಇಟಲಿ ಸುತ್ತಿ ಬಂದು, 1771ರಲ್ಲಿ ಲಂಡನ್‌ನಲ್ಲಿ ಈ ಹಾಡನ್ನು ಅಚ್ಚುಹಾಕಿಸಿದ. ಅವನು ದಾಖಲಿಸಿರುವ ಒಂದು ಪ್ರಸಂಗ ಹೀಗಿದೆ.

ಹದಿನೇಳನೇ ಶತಮಾನದ ಚಕ್ರವರ್ತಿ ಒಂದನೇ ಲಿಯೊಪೋಲ್ಡ್ ಸ್ವತಃ ಸಂಗೀತ ರಚಿಸುತ್ತಿದ್ದವನು. ತನ್ನ ವಿಯೆನ್ನಾ ಅರಮನೆಯ ಚಾಪೆಲ್‌ನಲ್ಲಿ ಹಾಡಿಸಲು ಮಿಸೆರೇರೆಯ ಪ್ರತಿ ಬೇಕೆಂದು ರೋಮ್‌ನಲ್ಲಿದ್ದ ತನ್ನ ರಾಯಭಾರಿಯ ಮೂಲಕ ಪೋಪ್‌ರನ್ನು ಕೇಳಿದ. ಪ್ರತಿ ಬಂತು. ವಿಯೆನ್ನಾದಲ್ಲಿ ಆಗ ಯುರೋಪಿನ ಅತ್ಯುತ್ತಮ ಗಾಯಕರಿದ್ದರು. ಅವರು ಹಾಡಿದರು. ಏನೂ ಆಗಲಿಲ್ಲ. ತೀರ ಸಾಮಾನ್ಯ ಪಠಣದಂತೆ ಕೇಳಿಸಿತು. ಗುಟ್ಟು ಬಿಟ್ಟುಕೊಡಬಾರದೆಂದು ಪೋಪ್‌ರ ಸಂಗೀತ ಮುಖ್ಯಸ್ಥ ಬೇರೆ ಯಾವುದೋ ಹಾಡನ್ನು ಕಳಿಸಿದ್ದಾನೆಂದು ಚಕ್ರವರ್ತಿ ದೂರಿತ್ತ. ಪೋಪ್ ಆ ಮುಖ್ಯಸ್ಥನನ್ನು ಕೆಲಸದಿಂದ ತೆಗೆದರು. ಕೊನೆಗೆ ಒಬ್ಬ ಕಾರ್ಡಿನಲ್ ಅವನ ಪರವಾಗಿ ನಿಂತು, ಕಳಿಸಿದ್ದು ಅದೇ ಹಾಡು, ಆದರೆ ನಮ್ಮ ಚಾಪೆಲ್‌ನಲ್ಲಿ ಹಾಡುವ ರೀತಿಯನ್ನು ಸ್ವರದ ಅಕ್ಷರಗಳಲ್ಲಿ ಬರೆಯಲು ಬರುವುದಿಲ್ಲ ಎಂದು ಬಿನ್ನವಿಸಿದ ಮೇಲೆ ವಿಷಯ ತಿಳಿಯಾಯಿತು. ಹಾಗಿದ್ದರೆ ಕಲಿಸಲು ಗಾಯಕರನ್ನೇ ಕಳಿಸಿ ಎಂದ ಚಕ್ರವರ್ತಿ. ಅಷ್ಟರಲ್ಲಿ ತುರ್ಕರೊಡನೆ ಯುದ್ಧ ಬಂದು ಅದು ನಡೆಯಲಿಲ್ಲ.

ಈ ಪ್ರಸಂಗವನ್ನು 2015ರ ಧ್ವನಿಮುದ್ರಣದ ಪಕ್ಕ ಇಟ್ಟು ನೋಡಿ. ನಿರ್ದೇಶಕ ಮಸ್ಸಿಮೊ ಪಲೊಂಬೆಲ್ಲ 1661ರ ಸಿಸ್ಟೈನ್ ಹಸ್ತಪ್ರತಿಯನ್ನು ಆಧರಿಸಿ, ಆಮೇಲಿನ ಕಾಲ ಹೇರಿದ ಹೊರೆಯಿಲ್ಲದ ರೂಪವನ್ನು ಹಾಡಿಸಿದರು. ಪಾಂಡಿತ್ಯದ ದೃಷ್ಟಿಯಿಂದ ಅದು ಸರಿಯಾದ ಕೆಲಸ. ಆದರೆ ಬರಹದಲ್ಲಿದ್ದಷ್ಟನ್ನೇ ಹಾಡಿದರೆ ಏನು ಕೇಳಿಸುತ್ತದೆ ಎನ್ನುವುದನ್ನು ವಿಯೆನ್ನಾ ಮುನ್ನೂರು ವರ್ಷ ಹಿಂದೆಯೇ ತೋರಿಸಿದೆ. ಹಾಗಾಗಿ ‘ಸಪ್ಪೆ’ ಎಂದ ನಿಮ್ಮ ಬಳಗದವರನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಅವರು ಕೊಟ್ಟ ಕಾರಣ ತಪ್ಪು. ಏನೋ ಕಮ್ಮಿ ಎನ್ನುವ ಅನಿಸಿಕೆ ತಪ್ಪಲ್ಲ.

ಧಾರವಾಡದ ಕಿವಿ

ಭಾಳ ಛಲೋ ಚರ್ಚೆ. ನನ್ನದೊಂದು ತಕರಾರು ಐತಿ.

ನೀವು ಬರೇ ಹೊಗಳಿದವರನ್ನ ಎತ್ತಿ ಹೇಳಾಕತ್ತೀರಿ. ಬೈದವರೂ ಇದ್ದಾರ. ಫ್ರೆಂಚ್ ರಚನಕಾರ ಬರ್ಲಿಯೋಜ್ 1831-32ರಾಗ ರೋಮ್‌ನ್ಯಾಗ ಇದ್ದ. ಅವಂಗ ಸಿಸ್ಟೈನ್ ಕ್ವಾಯರ್ ಏನೂ ಹಿಡಸಲಿಲ್ಲ ಅಂತಲ್ಲ, ಆದರ ಅವರು ಹಾಡತಿದ್ದ ಹದಿನಾರನೇ ಶತಮಾನದ ರಚನಕಾರ ಪ್ಯಾಲೆಸ್ಟ್ರಿನಾನ್ನ ಪ್ರತಿಭಾವಂತ ಅಂತ ಒಪ್ಪಲಿಕ್ಕೆ ಅಂವ ತಯಾರಿರಲಿಲ್ಲ. ಅದರಾಗಿನ ಶಾಂತಿ, ಶುದ್ಧತೆ ಒಪ್ಪತಾನ. ಬರೇ ಸ್ವರಮೇಳ ಜೋಡಿಸಿಕೋತ ಹೋಗೋದನ್ನ ಸೃಷ್ಟಿ ಅನ್ನೂದಿಲ್ಲ ಅಂತಾನ. ದಿನನಿತ್ಯಕ್ಕ ಹದಿನೆಂಟು ಮಂದಿ, ದೊಡ್ಡ ಹಬ್ಬಕ್ಕ ಮೂವತ್ತೆರಡು ಮಂದಿ ಹಾಡವರು, ಇಷ್ಟ ಅಂತ ಲೆಕ್ಕಾನೂ ಕೊಡತಾನ. ನೂರಾರು ಮಂದಿಯ ವಾದ್ಯಮೇಳ ಕನಸು ಕಂಡಂವಗ ಅದು ಸಣ್ಣದ ಕಾಣಬೇಕಲ್ಲ.

ಮೆಂಡೆಲ್‌ಸನ್ನಂತೂ ಎರಡೂ ಹೇಳ್ಯಾನ. ಆ ದಿನದ ಉದ್ದಾನ ಪಠಣ ಅವಂಗ ಬ್ಯಾಸರ ತಂದಿತು. ಮಿಸೆರೇರೆ ಶುರುವಾದ ಕೂಡಲೇ ಮಾತು ಬದಲಿ. ಒಳ್ಳೇ ದನಿಗಳನ್ನ ಇದಕ್ಕಂತನ ಕಾಯ್ದಿಟ್ಟಿರತಾರ, ದನಿ ಹಿಗ್ಗತದ, ಕುಗ್ಗತದ, ಅತಿ ಮೆಲ್ಲಗಿಂದ ಪೂರ್ಣ ಜೋರಿನ ತನಕ ಹೋಗತದ ಅಂತ ಬರೀತಾನ. ಇದು ನೋಡ್ರಿ ಖರೇ ವಿಮರ್ಶೆ. ಎಲ್ಲಿ ಛಲೋ ಇತ್ತು, ಎಲ್ಲಿ ಇರಲಿಲ್ಲ, ಯಾಕ ಇರಲಿಲ್ಲ, ಎಲ್ಲಾ ಬ್ಯಾರೆ ಬ್ಯಾರೆ ಮಾಡಿ ಹೇಳ್ಯಾನ.

ಡಿಕೆನ್ಸ್ 1840ರ ದಶಕದಾಗ ಹ್ವಾದಾಗ ಅಂವಗ ಹಾಡಿಗಿಂತ ಬಾಗಲದಾಗಿನ ನೂಕುನುಗ್ಗಲ, ಬಾಗಲಕ್ಕ ಹಾಕಿದ್ದ ದಪ್ಪನ ಪರದೆ, ಅದರಾಗ ಸಿಕ್ಕೊಂಡ ಮಂದಿ, ಇದ ಹೆಚ್ಚು ಕಂಡದ. ಹಂಗಂದ್ರ ಆ ಹೊತ್ತಿಗೆ ಇದು ಪ್ರಾರ್ಥನೆ ಉಳಿದಿರಲಿಲ್ಲ, ಪ್ರವಾಸಿಗರು ನೋಡಲೇಬೇಕಾದ ಸಂಗತಿ ಆಗಿತ್ತು. ಕುಡ್ಲದ ಅಣ್ಣಾರು ಹೇಳಿದ ಕತ್ತಲಿ, ಮೌನ, ಕಾಯೂದು, ಇವೆಲ್ಲಾ ಕೇಳವರ ಮನಸ್ಸಿನ್ಯಾಗ ಮೊದಲ ಸಿದ್ಧ ಆಗಿ ಕುಂತಿದ್ದವು. ಹಾಡು ಶುರುವಾಗೂ ಮೊದಲ ಅಳಲಿಕ್ಕೆ ತಯಾರಾಗಿ ಬಂದ ಮಂದಿ ಬರೆದ ಹೊಗಳಿಕಿ ಎಷ್ಟು ನಂಬಬೇಕು? ಇದು ನನ್ನ ಪ್ರಶ್ನೆ.

ಶ್ರುತಿಪೆಟ್ಟಿಗೆ (ಮೈಸೂರು)

ಧಾರವಾಡದವರೇ, ಒಳ್ಳೆಯ ಪ್ರಶ್ನೆ. ಆದರೆ ಜರ್ಮನ್ ಕವಿ ಗಯಟೆಯನ್ನು ಮರೆಯಬೇಡಿ. 1788ರ ಮಾರ್ಚ್‌ನಲ್ಲಿ ರೋಮ್‌ನಿಂದ ಬರೆಯುವಾಗ ಆ ಚಾಪೆಲ್‌ನ ಸಂಗೀತ ಊಹಿಸಲಾಗದಷ್ಟು ಸುಂದರ ಎನ್ನುತ್ತಾನೆ. ಅಲ್ಲೆಗ್ರಿಯ ಮಿಸೆರೇರೆಯನ್ನೂ ಶುಭ ಶುಕ್ರವಾರದ ಇಂಪ್ರೊಪೇರಿಯಾ ಎಂಬ ಹಾಡನ್ನೂ ಹೆಸರಿಸುತ್ತಾನೆ. ಕ್ಯಾಥೊಲಿಕ್ ವಿಧಿಗಳ ಬಗ್ಗೆ ಅವನಿಗೆ ಭಕ್ತಿಯೇನೂ ಇರಲಿಲ್ಲ. ಮೆಂಡೆಲ್‌ಸನ್ ಕೂಡ ಪ್ರಾಟೆಸ್ಟೆಂಟ್. ಅಳಲು ತಯಾರಾಗಿ ಬಂದವರ ಪಟ್ಟಿಗೆ ಇವರು ಸೇರುವುದಿಲ್ಲ.

ಈ ಸಂಗತಿಯನ್ನು ನಾನು ಕಲಿತ ಸಂಗೀತದಿಂದ ನೋಡಿದರೆ ಹೀಗೆ ಕಾಣುತ್ತದೆ. ಒಂದು ಕೃತಿಯ ಸ್ವರಲಿಪಿ ಪುಸ್ತಕದಲ್ಲಿದೆ. ಅದನ್ನು ನೋಡಿ ಹಾಡಿದವರಿಗೆ ರಾಗ ಸಿಗಬಹುದು, ಕೃತಿ ಸಿಗುವುದಿಲ್ಲ. ಗಮಕ, ಸಂಗತಿ, ಎಲ್ಲಿ ನಿಲ್ಲಬೇಕು, ಎಲ್ಲಿ ಜಾರಬೇಕು, ಇದೆಲ್ಲ ಗುರುವಿನ ಎದುರು ಕುಳಿತು ಪಾಠಾಂತರದಿಂದ ಬರಬೇಕು. ಸಿಸ್ಟೈನ್ ಕ್ವಾಯರ್‌ನಲ್ಲೂ ಅಲಂಕಾರಗಳು ಹಾಗೆಯೇ ಬಾಯಿಂದ ಬಾಯಿಗೆ ಬಂದವು. ಹಾಡನ್ನು ಹೊರಗೆ ಬಿಟ್ಟುಕೊಟ್ಟರೆ ಬಹಿಷ್ಕಾರ ಎಂಬ ಬೆದರಿಕೆಯಿತ್ತೆಂದು ಜನ ನಂಬುತ್ತಿದ್ದರು. ಬಹಿಷ್ಕಾರ ಬೇಕಿರಲಿಲ್ಲ. ಕಾಗದ ಹೊರಗೆ ಹೋದರೂ ಹಾಡು ಹೋಗುತ್ತಿರಲಿಲ್ಲ.

ಧಾರವಾಡದ ಕಿವಿ

ಸರ್, ಹೋಲಿಕಿ ಅರ್ಧ ಒಪ್ಪತೀನಿ. ಬಾಯಿಪಾಠ ಖರೇ. ಆದರ ನಮ್ಮಲ್ಲಿ ಒಬ್ಬಂವ ಹಾಡತಾನ, ಆ ದಿನದ ಮನೋಧರ್ಮ ಅಂತ ಒಂದಿರತದ. ಅಲ್ಲಿ ಒಂಬತ್ತು ದನಿ ಒಟ್ಟಿಗೆ ಹಾಡಬೇಕು. ಒಬ್ಬಂವ ತನಗ ತಿಳಿದಂಗ ಅಲಂಕಾರ ಹಾಕಿದ್ರ ಉಳಿದವರು ಏನ ಮಾಡಬೇಕು? ಹಂಗಾಗಿ ಅದು ಆಗಿಂದಾಗ ಹುಟ್ಟಿದ್ದಲ್ಲ. ಕೂಡಿ ಒಪ್ಪಿಕೊಂಡು, ವರ್ಷಾನುಗಟ್ಟಲೆ ತಿದ್ದಿಕೋತ ಬಂದ ರೂಢಿ. 1840ರಾಗ ಪಿಯೆತ್ರೊ ಅಲ್ಫಿಯೆರಿ ಅನ್ನವರು ಆ ಅಲಂಕಾರಗಳನ್ನೆಲ್ಲ ಬರೆದು ಅಚ್ಚು ಹಾಕಿಸಿದ್ರು. ಬರೀಲಿಕ್ಕ ಬಂತಂದ್ರ ಅದು ಒಂದು ಗಟ್ಟಿ ರೂಪಕ್ಕ ಬಂದಿತ್ತು ಅಂತ ಅಲ್ಲೇನ್ರಿ?

ಇನ್ನೊಂದು. ಅವರು ಹಾಡತಿದ್ದದ್ದು ಬರೇ ಅಲ್ಲೆಗ್ರಿಯದೂ ಅಲ್ಲ. 1714ರಾಗ ತೊಮ್ಮಾಸೊ ಬಾಯಿ ಅನ್ನಂವ ಇನ್ನೊಂದು ಮಿಸೆರೇರೆ ಬರದ. ಆಮ್ಯಾಲ ಇಬ್ಬರದೂ ವಚನಗಳನ್ನ ಕೂಡಿಸಿ ಹಾಡೂ ರೂಢಿ ಬಂತು. 1821ರಾಗ ಜುಸೆಪ್ಪೆ ಬೈನಿಯದೂ ಒಂದು ಸೇರಿತು. ಹತ್ತೊಂಬತ್ತನೇ ಶತಮಾನದ ಪ್ರವಾಸಿ ‘ಅಲ್ಲೆಗ್ರಿಯ ಮಿಸೆರೇರೆ ಕೇಳಿದೆ’ ಅಂತ ಬರದ್ರ ಅಂವ ಕೇಳಿದ್ದು ಯಾರದು?

ಥೇಮ್ಸ್ ದಡದಿಂದ

ಇದು ಮುಖ್ಯವಾದ ತಿದ್ದುಪಡಿ. ವಿಮರ್ಶೆ ಓದುವಾಗ ಇದನ್ನು ಮರೆಯಬಾರದು. ಬೇರೆ ಬೇರೆ ಕಾಲದ ಜನ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಹಾಡುಗಳನ್ನು ಕೇಳಿದ್ದಾರೆ. ಹೊಗಳಿಕೆ ಮಾತ್ರ ಒಂದೇ ಬಗೆಯದು. ಹಾಗಾದರೆ ಅದು ಕ್ವಾಯರ್‌ಗೆ ಸಂದದ್ದೇ ಹೊರತು ಅಲ್ಲೆಗ್ರಿಗಲ್ಲ ಎನ್ನುವ ವಾದ ಇನ್ನಷ್ಟು ಗಟ್ಟಿಯಾಗುತ್ತದೆ.

ಮಲ್ಲಿಗೆ ಬಿಡದಿ

ನಾನು ಸುಮ್ಮನೆ ಓದುತ್ತಿದ್ದೆ. ಆದರೆ ಒಂದು ವಿಷಯವನ್ನು ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಆ ಮೇಲಿನ ದನಿಗಳನ್ನು ಹಾಡುತ್ತಿದ್ದವರು ಯಾರು?

ಆ ಚಾಪೆಲ್‌ನಲ್ಲಿ ಹೆಂಗಸರು ಹಾಡುವಂತಿರಲಿಲ್ಲ. 1599ರಿಂದ ಪೋಪ್‌ರ ಕ್ವಾಯರ್‌ನಲ್ಲಿ ಕಾಸ್ಟ್ರಾಟಿಗಳು, ಅಂದರೆ ದನಿ ಒಡೆಯದಿರಲೆಂದು ಬಾಲ್ಯದಲ್ಲೇ ಬೀಜ ತೆಗೆಸಿಕೊಂಡ ಗಂಡಸರು, ಅಧಿಕೃತವಾಗಿ ಸೇರಿದರು. ಮೊಜಾರ್ಟ್ ಕೇಳಿದ್ದು, ಗಯಟೆ ಕೇಳಿದ್ದು, ಮೆಂಡೆಲ್‌ಸನ್ ಕೇಳಿದ್ದು ಅವರ ದನಿಯನ್ನು. ದೊಡ್ಡವರ ಶ್ವಾಸಕೋಶ, ಹುಡುಗರ ಗಂಟಲು. ಅವರಂತೆ ದೀರ್ಘವಾಗಿ ಹಿಗ್ಗಿಸಿ ಕುಗ್ಗಿಸುವುದು ಹನ್ನೆರಡರ ಹುಡುಗನಿಗೂ ಆಗುವುದಿಲ್ಲ, ಇವತ್ತಿನ ಯಾವ ಗಾಯಕನಿಗೂ ಆಗುವುದಿಲ್ಲ. 1902ರಲ್ಲಿ ಹದಿಮೂರನೇ ಲಿಯೊ ಇನ್ನು ಹೊಸಬರನ್ನು ಸೇರಿಸಕೂಡದೆಂದರು. 1903ರ ನವೆಂಬರ್ 22ರಂದು ಹತ್ತನೇ ಪಿಯುಸ್ ಹೊರಡಿಸಿದ ಆಜ್ಞೆ ಮೇಲಿನ ದನಿಗಳಿಗೆ ಹುಡುಗರನ್ನೇ ಬಳಸಬೇಕೆಂದಿತು. ಕೊನೆಯವರಲ್ಲಿ ಒಬ್ಬರಾದ ಅಲೆಸ್ಸಾಂದ್ರೊ ಮೊರೆಸ್ಕಿ 1902 ಮತ್ತು 1904ರಲ್ಲಿ ಗ್ರಾಮೊಫೋನ್ ಕಂಪನಿಗೆ ಹಾಡಿದರು. 1922ರಲ್ಲಿ ತೀರಿಕೊಂಡರು.

ಆ ತಟ್ಟೆಗಳನ್ನು ಕೇಳಿ ನಗುವವರಿದ್ದಾರೆ. ದನಿ ನಡುಗುತ್ತದೆ, ಸ್ವರಕ್ಕೆ ಕೆಳಗಿಂದ ಜಾರಿ ಬರುತ್ತದೆ ಎಂದು. ದಯವಿಟ್ಟು ನಗಬೇಡಿ. ಕೊಳವೆಯ ಮುಂದೆ ನಿಂತು ಹಾಡಬೇಕಾದ ಕಾಲ, ಅವರ ವಯಸ್ಸು ನಲವತ್ತು ದಾಟಿತ್ತು. ಆ ಜಾರುವಿಕೆ ತಪ್ಪೋ, ಅಥವಾ ಆ ಕಾಲದ ಹಾಡುವ ಶೈಲಿಯೋ ಎಂದು ಇವತ್ತಿಗೂ ಚರ್ಚೆಯಿದೆ. ನೀವೆಲ್ಲ ಹುಡುಕುತ್ತಿರುವ ‘ಹಾಡುವ ರೀತಿ’ಯ ಅತ್ಯಂತ ಹತ್ತಿರದ ದಾಖಲೆ ಅದೇ ಇದ್ದರೂ ಇರಬಹುದು.

ಮತ್ತೊಂದು ಮಾತನ್ನು ಹೇಳಲೇಬೇಕು. ಮಕ್ಕಳ ದೇಹವನ್ನು ಕತ್ತರಿಸಿ ಪಡೆದ ದನಿ ಅದು. ಕೇಳಿದವರು ಎಷ್ಟೇ ಕಣ್ಣೀರಿಟ್ಟಿರಲಿ, ಆ ಸೌಂದರ್ಯ ಮರಳಿ ಬರಲಿ ಎಂದು ನಾನಂತೂ ಬಯಸುವುದಿಲ್ಲ. ಹಾಗಾಗಿ ‘ಮೂಲದಂತೆ ಹಾಡುವುದು’ ಎನ್ನುವ ಗುರಿಯನ್ನೇ ಒಂದು ಕಡೆ ಬಿಡಬೇಕಾಗುತ್ತದೆ.

ಕುಡ್ಲದ ಟೆನರ್

ಅಕ್ಕಾ, ಸರಿಯಾಗಿ ಹೇಳಿದಿರಿ. ಇದನ್ನು ನಾವೇ ಮೊದಲು ಹೇಳಬೇಕಿತ್ತು.

1903ರ ಆಜ್ಞೆಯ ಬಗ್ಗೆ ಒಂದು ಸೇರ್ಪಡೆ. ಅದರಲ್ಲಿ ಗ್ರೆಗೋರಿಯನ್ ಎಂಬ ಹಳೆಯ ಏಕದನಿಯ ಪಠಣವೇ ದೇವಾಲಯ ಸಂಗೀತದ ಅತ್ಯುಚ್ಚ ಮಾದರಿ, ಅದರ ನಂತರ ಪ್ಯಾಲೆಸ್ಟ್ರಿನಾನ ಕಾಲದ ಬಹುದನಿಯ ಹಾಡು ಎಂದಿತ್ತು. ಇಗರ್ಜಿಗಳಲ್ಲಿ ಆಪೆರಾ ಧಾಟಿಯ ಹಾಡುಗಳು ತುಂಬಿದ್ದ ಕಾಲ ಅದು. ಆಜ್ಞೆಯ ಉದ್ದೇಶ ಒಳ್ಳೆಯದೇ. ಆದರೆ ಹೆಂಗಸರಿಗೆ ಕ್ವಾಯರ್‌ನಲ್ಲಿ ಸ್ಥಾನವಿಲ್ಲವೆಂಬ ಮಾತೂ ಅದರಲ್ಲಿತ್ತು. ಇವತ್ತು ನಮ್ಮ ಕ್ವಾಯರ್‌ನಲ್ಲಿ ಮೇಲಿನ ದನಿಗಳಾದ ಸೊಪ್ರಾನೊ, ಆಲ್ಟೊ ಎಲ್ಲ ನಮ್ಮ ಅಕ್ಕತಂಗಿಯರೇ. ಅವರಿಲ್ಲದೆ ಒಂದು ಭಾನುವಾರವೂ ನಡೆಯುವುದಿಲ್ಲ. ಸಿಸ್ಟೈನ್ ಚಾಪೆಲ್‌ನಲ್ಲೇ 2017ರಲ್ಲಿ ಗಾಯಕಿ ಚೆಚಿಲಿಯಾ ಬಾರ್ಟೊಲಿ ಆ ಕ್ವಾಯರ್ ಜೊತೆ ಹಾಡಿ ಧ್ವನಿಮುದ್ರಿಸಿದರು.

ಥೇಮ್ಸ್ ದಡದಿಂದ

ಸಿಸ್ಟೈನ್ ಕ್ವಾಯರ್‌ನ ಈಚಿನ ವಿಮರ್ಶೆಯ ಬಗ್ಗೆ ಒಂದು ಮಾತು. ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಅವರ ಹೆಸರು ಕೆಟ್ಟಿತ್ತು. ಇಂಗ್ಲಿಷ್ ಬಲ್ಲ ಕೇಳುಗರು ಅವರನ್ನು ‘ಸಿಸ್ಟೈನ್ ಸ್ಕ್ರೀಮರ್ಸ್’ (ಕಿರುಚುವವರು) ಎಂದು ಕರೆಯುತ್ತಿದ್ದರು. ಜೋರು, ಕಂಪನ ತುಂಬಿದ, ಆಪೆರಾದಂಥ ದನಿ ಎಂಬುದು ದೂರು. 1956ರಿಂದ 1997ರವರೆಗೆ ನಿರ್ದೇಶಕರಾಗಿದ್ದ ದೊಮೆನಿಕೊ ಬಾರ್ತೊಲುಚ್ಚಿಯವರಿಗೆ ಇಂಗ್ಲಿಷರ ತೆಳು ದನಿ ಸೇರುತ್ತಿರಲಿಲ್ಲ. ರೋಮ್‌ನ ಹಾಡಿಗೆ ಮೈಯಿರಬೇಕು, ಬಿಸಿಯಿರಬೇಕು ಎನ್ನುವ ಪಂಥ ಅವರದು. ನಾನು ಇಂಗ್ಲೆಂಡಿನಲ್ಲಿದ್ದೇನೆ, ಇಲ್ಲಿನ ಸಂಜೆ ಪ್ರಾರ್ಥನೆಗಳ ಹಾಡು ನನಗೆ ಪ್ರಾಣ. ಆದರೂ ಬಾರ್ತೊಲುಚ್ಚಿಯವರ ಮಾತಿನಲ್ಲಿ ಹುರುಳಿದೆ ಎನ್ನುತ್ತೇನೆ. ವಿಮರ್ಶಕರು ಕಿಂಗ್ಸ್ ಕಾಲೇಜಿನ ದನಿಯನ್ನು ಅಳತೆಗೋಲು ಮಾಡಿಕೊಂಡು ರೋಮ್ ಅನ್ನು ಅಳೆದರು. ಆ ದನಿ ಹತ್ತೊಂಬತ್ತು-ಇಪ್ಪತ್ತನೇ ಶತಮಾನದ ಇಂಗ್ಲಿಷ್ ಕಾಲೇಜು ಚಾಪೆಲ್‌ಗಳಲ್ಲಿ ರೂಪುಗೊಂಡದ್ದು. ಅಲ್ಲೆಗ್ರಿಗೂ ಅದಕ್ಕೂ ಸಂಬಂಧವೇ ಇಲ್ಲ.

2010ರಲ್ಲಿ ಬಂದ ಪಲೊಂಬೆಲ್ಲ ದಾರಿ ಬದಲಿಸಿದರು. 2012ರ ಜೂನ್ 29ರಂದು ಸಂತ ಪೇತ್ರರ ಹಬ್ಬಕ್ಕೆ ವೆಸ್ಟ್‌ಮಿನ್‌ಸ್ಟರ್ ಆಬಿ ಕ್ವಾಯರ್ ರೋಮ್‌ಗೆ ಹೋಗಿ ಅವರ ಜೊತೆ ಹಾಡಿತು. ಆಮೇಲಿನ ಧ್ವನಿಮುದ್ರಣಗಳಲ್ಲಿ ಶ್ರುತಿ ಶುದ್ಧ, ಮಾತು ಸ್ಪಷ್ಟ, ದನಿ ಹಗುರ. ವಿಮರ್ಶಕರು ಮೆಚ್ಚಿದರು. ನನಗೂ ಹಿಡಿಸಿತು. ಆದರೆ ಮೆಚ್ಚಿದ್ದು ಅವರು ನಮ್ಮ ಹಾಗೆ ಹಾಡಲು ಕಲಿತರೆಂದೋ, ಚೆನ್ನಾಗಿ ಹಾಡಲು ಕಲಿತರೆಂದೋ? ಈ ಎರಡನ್ನು ಬೇರೆಮಾಡಿ ನೋಡಿದ ವಿಮರ್ಶೆಗಳು ಕಡಿಮೆ.

ಮಲ್ಲಿಗೆ ಬಿಡದಿ

ಹಾಗಾದರೆ ಹೊಸದಾಗಿ ಕೇಳುವವರು ಏನು ಕೇಳಬೇಕು? ಮನೆಯಲ್ಲಿ ಮಗಳು ಪಾಶ್ಚಾತ್ಯ ಸಂಗೀತ ಕಲಿಯುತ್ತಿದ್ದಾಳೆ. ಅವಳಿಗೆ ಯಾವುದನ್ನು ಮೊದಲು ಕೇಳಿಸಲಿ?

ಶ್ರುತಿಪೆಟ್ಟಿಗೆ (ಮೈಸೂರು)

ಮೇಡಂ, ನಾನಾದರೆ ಕಿಂಗ್ಸ್ 1963ರಿಂದಲೇ ಶುರುಮಾಡುತ್ತೇನೆ. ಇಷ್ಟೆಲ್ಲ ವಾದ ಮಾಡಿದ ಮೇಲೂ ಹೇಳುತ್ತೇನೆ, ಆ ಹುಡುಗನ ದನಿ ಸುಂದರವಾಗಿದೆ. ಪಾಠ ತಪ್ಪಿನಿಂದ ಹುಟ್ಟಿತೆಂದು ಹಾಡುಗಾರಿಕೆಯನ್ನು ಅಲ್ಲಗಳೆಯಲಾಗದು. ಅದರ ಜೊತೆ ಇಂಗ್ಲೆಂಡಿನ ಟ್ಯಾಲಿಸ್ ಸ್ಕಾಲರ್ಸ್ ತಂಡ 1980ರಲ್ಲಿ ಆಕ್ಸ್‌ಫರ್ಡ್‌ನ ಮರ್ಟನ್ ಕಾಲೇಜು ಚಾಪೆಲ್‌ನಲ್ಲಿ ಹಾಡಿದ್ದು. ಅದೇ ‘ಸಿ’ ಇರುವ ಪಾಠ, ಲ್ಯಾಟಿನ್‌ನಲ್ಲಿ, ಮೇಲಿನ ದನಿ ಆಲಿಸನ್ ಸ್ಟ್ಯಾಂಪ್ ಎಂಬ ಮಹಿಳೆಯದು. ಆಮೇಲೆ ಸಿಸ್ಟೈನ್‌ನ 2015ರದು, ಬರಹದ ಅಸ್ಥಿಪಂಜರ ಹೇಗಿದೆಯೆಂದು ತಿಳಿಯಲು. ಕೊನೆಗೆ ಫ್ರಾನ್ಸಿನ ‘ಆ ಸೇ ವೋಚಿ’ ತಂಡ 1990ರ ದಶಕದಲ್ಲಿ ಹಾಡಿದ್ದು. ಅವರು ಹದಿನೇಳನೇ ಶತಮಾನದ ರೀತಿಯ ಅಲಂಕಾರಗಳನ್ನು ಸಂಶೋಧಕ ಜಾನ್ ಲಿಯೊನೆ ಅವರ ನೆರವಿನಿಂದ ಕಟ್ಟಿದರು. ವಚನದಿಂದ ವಚನಕ್ಕೆ ಅಲಂಕಾರ ಬೇರೆಯಾಗುತ್ತ ಹೋಗುತ್ತದೆ. ಮೊದಲ ಸಲ ಕೇಳಿದಾಗ ವಿಚಿತ್ರವೆನಿಸಬಹುದು. ವಿಯೆನ್ನಾಕ್ಕೆ ಸಿಗದೆ ಹೋದದ್ದು ಯಾವ ಬಗೆಯದು ಎಂಬ ಅಂದಾಜು ನನಗೆ ಸಿಕ್ಕಿದ್ದು ಅದರಲ್ಲಿ ಮಾತ್ರ.

ಧಾರವಾಡದ ಕಿವಿ

ಇದೀಗ ಆ ಸೇ ವೋಚಿ ಕೇಳಿ ಬಂದೆ. ಸರ್, ನಿಮ್ಮ ಮಾತು ಖರೇ ಅದ. ಆ ದನಿ ಗಿರಕಿ ಹೊಡದು ಇಳಿಯೂ ಜಾಗಾದಾಗ ಮೈ ಝುಮ್ ಅಂತು. ಆದರ ಇದೂ ಇವತ್ತಿನವರು ಊಹಾ ಮಾಡಿ ಕಟ್ಟಿದ್ದ. ಹಳೇದು ಅಂತ ಅಲ್ಲ, ಛಲೋ ಐತಿ ಅಂತ ಕೇಳತೀನಿ.

ಕುಡ್ಲದ ಟೆನರ್

ನಮ್ಮ ಕ್ವಾಯರ್‌ನಲ್ಲಿ ಈ ಎಳೆಯನ್ನು ಓದಿ ಹೇಳಿದೆ. ಮುಂದಿನ ತಪಸ್ಸು ಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ) ಮತ್ತೆ ಕಲಿಯೋಣ ಎಂದು ಮಾಸ್ಟರ್ ಒಪ್ಪಿದ್ದಾರೆ. ಐದು ದನಿಯ ಗುಂಪಿಗೆ ನಮ್ಮಲ್ಲಿ ಜನ ಸಾಲುತ್ತಾರೆ, ನಾಲ್ಕು ದನಿಯದಕ್ಕೆ ದೂರದ ಬಾಲ್ಕನಿ ಇದೆ. ನಡುವಿನ ಪಠಣವನ್ನು ಕೊಂಕಣಿಯಲ್ಲಿ, ಬಹುದನಿಯ ವಚನಗಳನ್ನು ಲ್ಯಾಟಿನ್‌ನಲ್ಲಿ ಇಡಬಹುದೇ ಎಂಬ ಯೋಚನೆ. ‘ಸಿ’ ಬೇಡವೆಂದು ಸೊಪ್ರಾನೊದವರೇ ಹೇಳಿದರು. ಅಲಂಕಾರಗಳಿಗೆ ಅಲ್ಫಿಯೆರಿಯ ಪಾಠ ನೋಡಬೇಕೆಂದಿದ್ದೇವೆ. ಯಾರ ಬಳಿಯಾದರೂ ಸ್ಪಷ್ಟವಾದ ಪ್ರತಿ ಇದ್ದರೆ ತಿಳಿಸಿ.

ಥೇಮ್ಸ್ ದಡದಿಂದ

ಅಲ್ಫಿಯೆರಿಯದು ಅಲಂಕಾರ ಬಹಳ ದಟ್ಟ, ಹತ್ತೊಂಬತ್ತನೇ ಶತಮಾನದ ರುಚಿಯದು. ಒಂದು ದನಿಗೆ ಒಬ್ಬರೇ ಇದ್ದರೆ ಸರಿ, ಮೂರು ನಾಲ್ಕು ಜನ ಕೂಡಿ ಹಾಡಿದರೆ ಕಲಸಿಹೋಗುತ್ತದೆ. ಮೊದಲು ಬರ್ನಿ ಅಚ್ಚುಹಾಕಿದ ಸರಳ ರೂಪದಲ್ಲಿ ಮಾತನ್ನು ಒಟ್ಟಿಗೆ ಹೇಳುವುದನ್ನು ಗಟ್ಟಿಮಾಡಿಕೊಳ್ಳಿ. ಆಮೇಲೆ ನಾಲ್ಕು ದನಿಯ ಗುಂಪಿಗೆ ಒಬ್ಬೊಬ್ಬರನ್ನೇ ನಿಲ್ಲಿಸಿ, ವಚನದ ಕೊನೆಯ ನಿಲುಗಡೆಗಳಲ್ಲಿ ಮಾತ್ರ ಒಂದೆರಡು ಅಲಂಕಾರ ಸೇರಿಸಿ ನೋಡಿ. ಎರಡೂ ಪ್ರತಿಗಳನ್ನು ಹುಡುಕಿ ಕಳಿಸುತ್ತೇನೆ.